ಗೂಡು ಕಾದವರಿಗೆ ನಮಸ್ಕಾರ

ಈ ಬಾರಿಯ ಕಡೆಯ ಗೂಡಿನ ಕಡಲಾಮೆ ಮರಿಗಳೂ ನೀರು ಸೇರಿದವು. ಗುರುತಿಗೆ ನೆಟ್ಟಿದ್ದ ಕೋಲುಗಳನ್ನು ಕಿತ್ತು ಕಟ್ಟಿಟ್ಟಿದ್ದೇವೆ. ಕಡಲಾಮೆಗಳ ಬಗ್ಗೆ ತಿಳಿಹೇಳಲು ಹೊರಟವರು ನಾವು. ಕೆಲಸ ಮಾಡಿದವರು ಬೇರೆಯವರು. ಈ ಬರಹ ಅವರಿಗೆ.

ಮೊದಲ ಸಭೆಯಲ್ಲೇ ಹಿರಿಯ ಮೀನುಗಾರರೊಬ್ಬರು ಎದ್ದು ನಿಂತು, ‘ಆಮೆ ಸಿಕ್ಕಿದರೆ ಬಲೆ ಕತ್ತರಿಸಿ ಅನ್ನುತ್ತೀರಿ, ಬಲೆಯ ದುಡ್ಡು ಯಾರು ಕೊಡುತ್ತಾರೆ?’ ಎಂದು ಕೇಳಿದರು. ಆ ಪ್ರಶ್ನೆ ಬರದೇ ಹೋಗಿದ್ದರೆ ನಮ್ಮದು ಬರೀ ಭಾಷಣವಾಗಿ ಮುಗಿಯುತ್ತಿತ್ತು. ಅಲ್ಲಿಂದಾಚೆ ಮಾತು ಆಮೆಯನ್ನು ಬಿಟ್ಟು ಬಲೆಗೆ ಹೊರಳಿತು. ದೋಣಿ ಎಳೆದೊಯ್ಯುವ ಟ್ರಾಲ್ ಬಲೆಯೊಳಗೆ ಸರಳುಗಳ ಚೌಕಟ್ಟು ಕೂರಿಸಿದರೆ ಸೀಗಡಿ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಹೋಗುತ್ತದೆ, ಆಮೆ ಸರಳಿಗೆ ತಾಗಿ ಕಿಂಡಿಯಿಂದ ಹೊರಬೀಳುತ್ತದೆ. ಜೊತೆಗೆ ಮೀನೆಷ್ಟು ತಪ್ಪಿಸಿಕೊಳ್ಳುತ್ತದೆ ಎಂಬ ವಾದ ಇನ್ನೂ ನಡೆದಿದೆ. ನಡೆಯಲಿ, ಅದು ಅವರ ಹೊಟ್ಟೆಪಾಡು.

ಬಲೆಯಲ್ಲಿ ಸಿಕ್ಕಿ ಅಲುಗಾಡದೆ ಬಿದ್ದಿದ್ದ ಆಮೆಯೊಂದನ್ನು ಸತ್ತಿತೆಂದು ನೀರಿಗೆ ಎಸೆಯದ ದೋಣಿಯವರಿಗೆ ವಿಶೇಷ ವಂದನೆ. ಕಡಲಾಮೆ ಉಸಿರಾಡುವುದು ಶ್ವಾಸಕೋಶದಿಂದ; ನೀರಿನಡಿ ಸಿಕ್ಕಿಹಾಕಿಕೊಂಡರೆ ಅದೂ ಮುಳುಗಿ ಸಾಯುತ್ತದೆ. ಅವರು ಅದನ್ನು ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗದ ಅಡಿಗೆ ಹಗ್ಗದ ಸುರುಳಿ ಕೊಟ್ಟು ಸುಮಾರು 15 ಸೆಂ.ಮೀ. ಎತ್ತರಿಸಿ, ಒದ್ದೆ ಗೋಣಿ ಹೊದಿಸಿದರು. ಬಾಯಿಂದ ನೀರು ಇಳಿಯಿತು. ಗಂಟೆಗಳು ಕಳೆದ ಮೇಲೆ ರೆಪ್ಪೆ ಅಲುಗಿತು. ಮರಳಿ ಬಿಡುವಾಗ ಎಂಜಿನ್ ನಿಲ್ಲಿಸಿದ್ದರಂತೆ. ಇಷ್ಟನ್ನೂ ನಮಗೆ ಹೇಳಿದ್ದು ವಾರದ ನಂತರ, ಬೇರೇನೋ ಮಾತಿನ ನಡುವೆ!

ಹಿಂದೆ ಮೊಟ್ಟೆ ತೆಗೆದು ಮಾರುತ್ತಿದ್ದವರನ್ನು ‘ಮನಪರಿವರ್ತನೆಯಾದವರು’ ಎಂದು ವೇದಿಕೆ ಹತ್ತಿಸುವುದು ನನಗೆ ಒಗ್ಗದು. ಗೂಡು ಹುಡುಕುವ ಕಣ್ಣು ಅವರಿಗಿತ್ತು, ಕೂಲಿ ಕೊಟ್ಟು ಕರೆದೆವು, ಬಂದರು. ಮುಂಗಾಲಿನ ಗುರುತು ಎರಡೂ ಬದಿ ಸಮವಾಗಿದ್ದರೆ ಹಸಿರು ಆಮೆ, ಒಂದಾದ ಮೇಲೊಂದು ಬಿದ್ದಿದ್ದರೆ ಆಲಿವ್ ರಿಡ್ಲಿ ಎಂದು ಸ್ವಯಂಸೇವಕರಿಗೆ ಮರಳಿನ ಮೇಲೆಯೇ ತೋರಿಸಿಕೊಟ್ಟವರು ಅವರೇ.

ಶಾಲೆಯ ಮಕ್ಕಳನ್ನು ಮರೆಯುವಂತಿಲ್ಲ. ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಹೊರಳಿಸಿದರೆ ಸಾಯಬಹುದು ಎಂದು ತಿಳಿದ ಮೇಲೆ, ಗೂಡಿಗೆ ಕೈಹಾಕಲು ಬಂದ ದೊಡ್ಡವರನ್ನೇ ಗದರಿಸಿ ಕಳಿಸಿದ್ದಾರೆ. ಮರಳಿನ ಉಷ್ಣತೆ ಸುಮಾರು 29 ಡಿಗ್ರಿ ಸೆಲ್ಸಿಯಸ್ ದಾಟಿದಂತೆಲ್ಲ ಹೆಣ್ಣುಮರಿಗಳೇ ಹೆಚ್ಚುತ್ತವೆ ಎಂದಾಗ, ‘ಹಾಗಾದರೆ ಮುಂದೆ ಗಂಡು ಎಲ್ಲಿಂದ ಬರಬೇಕು?’ ಎಂದು ಹುಡುಗಿಯೊಬ್ಬಳು ಕೇಳಿದಳು. ವಿಜ್ಞಾನಿಗಳಿಗೂ ಇದೇ ಚಿಂತೆ, ಪುಟ್ಟಿ.

ಮರಿಗಳು ಬೆಳಕಿನತ್ತ ದಾರಿತಪ್ಪದಿರಲೆಂದು ಕಡಲಿಗೆ ಮುಖಮಾಡಿದ ದೀಪಗಳನ್ನು ಆರಿಸಿದ ಮನೆಗಳಿಗೂ ಕೃತಜ್ಞತೆಗಳು.

ಮುಂದಿನ ಋತುವಿಗೆ ಮುಂಚೆ ಬಲೆಯ ಕಾರ್ಯಾಗಾರ ನಡೆಸಿಕೊಡಲು ಅದೇ ಹಿರಿಯರು ಒಪ್ಪಿದ್ದಾರೆ. ಷರತ್ತು ಒಂದೇ: ದೋಣಿಗಳು ಕಡಲಿಗಿಳಿಯುವ ದಿನ ಇಡಬಾರದು.