ಇಸಿಜಿ ನಾರ್ಮಲ್ ಬಂದರೆ ಸಾಕೇ?

ಮಾನ್ಯ ಸಂಪಾದಕರೇ,

ನಮ್ಮ ಕಡೆ ಯಾರಾದರೂ ನಲವತ್ತರೊಳಗೆ ಹಾರ್ಟ್ ಅಟ್ಯಾಕ್‌ನಿಂದ ಹೋದರೆ ಬೊಜ್ಜದ (ಉತ್ತರಕ್ರಿಯೆಯ) ಊಟ ಮುಗಿಯುವುದರೊಳಗೆ ಕಾರಣ ತೀರ್ಮಾನ ಆಗಿರುತ್ತದೆ. ಜಿಮ್ಮು, ಲಸಿಕೆ, ಟೆನ್ಷನ್ನು, ಇಲ್ಲದಿದ್ದರೆ ಕೋರಿ ರೊಟ್ಟಿ. 2025ರಲ್ಲಿ ಹಾಸನದಲ್ಲಿ ಸಣ್ಣ ಪ್ರಾಯದವರೂ ಹಾರ್ಟ್ ಅಟ್ಯಾಕ್‌ನಿಂದ ಸಾಯುತ್ತಿದ್ದಾರೆ ಅಂತ ಸುದ್ದಿ ಬಂದಾಗ ಜನ ಗಾಬರಿಯಿಂದ ಮೈಸೂರಿನ ಜಯದೇವ ಆಸ್ಪತ್ರೆ ಎದುರು ಕ್ಯೂ ನಿಂತರು. ಇಸಿಜಿ ನಾರ್ಮಲ್ ಅಂದರೆ ನೆಮ್ಮದಿ. ಆದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಎಷ್ಟಿದೆ ಅಂತ ಇಸಿಜಿ ಹೇಳುವುದಿಲ್ಲ. ಹೋದವನ ಅಪ್ಪನೋ ಚಿಕ್ಕಪ್ಪನೋ ಸಣ್ಣ ಪ್ರಾಯದಲ್ಲೇ ಹೋಗಿದ್ದರಾ ಅಂತ ಕೇಳುವವರೂ ಕಡಿಮೆ.

ಹುಟ್ಟಿನಿಂದಲೇ ಬರುವ ಕೊಲೆಸ್ಟ್ರಾಲ್ ತೊಂದರೆ ಒಂದಿದೆ, ಡಾಕ್ಟರುಗಳು ಎಫ್‌ಎಚ್ (ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರಾಲೀಮಿಯಾ) ಅನ್ನುತ್ತಾರೆ. ಹೆಚ್ಚುಕಡಿಮೆ 250–300 ಜನರಲ್ಲಿ ಒಬ್ಬರಿಗೆ ಇರುತ್ತದೆ, ಅಷ್ಟೇನೂ ಅಪರೂಪ ಅಲ್ಲ. ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲ್ ಎತ್ತಿಕೊಳ್ಳುವ ಕೆಲಸ ಲಿವರ್‌ನದು, ಇವರಲ್ಲಿ ಆ ಕೆಲಸ ಅರ್ಧಕ್ಕರ್ಧ ನಡೆಯುತ್ತದೆ. ಕಸದ ಗಾಡಿ ದಿನ ಬಿಟ್ಟು ದಿನ ಬಂದರೆ ಬೀದಿ ಏನಾಗುತ್ತದೋ ಹಾಗೆ. ದೊಡ್ಡವರಲ್ಲಿ ಎಲ್‌ಡಿಎಲ್, ಅಂದರೆ ಈ ಕೆಟ್ಟ ಕೊಲೆಸ್ಟ್ರಾಲ್, 190 ದಾಟಿದ್ದರೆ ಇದನ್ನು ಯೋಚಿಸಲೇಬೇಕು. ಥೈರಾಯ್ಡ್, ಕಿಡ್ನಿ ತೊಂದರೆಯಿಂದಲೂ ಏರುತ್ತದೆ, ಅದನ್ನು ಮೊದಲು ನೋಡಿಸಬೇಕು.

ನನ್ನ ತಮ್ಮ ಕಡ್ಡಿ ಪೈಲ್ವಾನ್, ಎಲ್‌ಡಿಎಲ್ 260. ತೆಂಗಿನೆಣ್ಣೆ ಬಿಡಿ, ಆರು ತಿಂಗಳು ಬಿಟ್ಟು ಬನ್ನಿ ಅಂತ ಒಂದು ಕ್ಲಿನಿಕ್‌ನಲ್ಲಿ ಕಳಿಸಿದರು. ಹಿಮ್ಮಡಿ ಹಿಂದಿನ ಸ್ನಾಯುರಜ್ಜು (ಟೆಂಡನ್) ದಪ್ಪ ಆಗಿದ್ದನ್ನು ಮುಟ್ಟಿ ನೋಡಿದ್ದು ಆಮೇಲೆ ಸಿಕ್ಕ ಬೇರೆ ಡಾಕ್ಟರು. ಅಲ್ಲಿ ಕೊಲೆಸ್ಟ್ರಾಲ್ ತುಂಬಿಕೊಳ್ಳುತ್ತದಂತೆ, ಬೆರಳ ಗಂಟಿನ ಮೇಲೂ ಬರುತ್ತದೆ. ಪಥ್ಯ ಬೇಡ ಅಂತಲ್ಲ, ಆದರೆ ಬರೀ ಪಥ್ಯದಿಂದ ಇದು ಇಳಿಯುವುದಿಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬೇಕು, ಸಾಲದಿದ್ದರೆ ಎಜೆಟಿಮೈಬ್ ಅನ್ನುವ ಇನ್ನೊಂದು ಮಾತ್ರೆ ಸೇರಿಸುತ್ತಾರೆ, ಅದಕ್ಕೂ ಜಗ್ಗದಿದ್ದರೆ ದುಬಾರಿ ಇಂಜೆಕ್ಷನ್. ಮಾತ್ರೆ ಜೀವನಪೂರ್ತಿ. ರಿಪೋರ್ಟ್ ಚೆನ್ನಾಗಿ ಬಂತು ಅಂತ ಬಿಟ್ಟರೆ ಮತ್ತೆ ಏರುತ್ತದೆ.

ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಒಬ್ಬರಲ್ಲಿ ಸಿಕ್ಕರೆ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಎಲ್ಲರೂ ರಕ್ತ ಪರೀಕ್ಷೆ ಮಾಡಿಸಬೇಕು. ನಿಜವಾದ ಕಷ್ಟ ಇಲ್ಲೇ. ಹುಡುಗಿಗೆ ಸಂಬಂಧ ನೋಡುತ್ತಿದ್ದೇವೆ, ಸುಮ್ನೆ ಯಾಕೆ ಊರಿಗೆಲ್ಲ ಗೊತ್ತಾಗುವ ಹಾಗೆ ಮಾಡುವುದು ಅಂತ ನಮ್ಮ ಮನೆಯಲ್ಲೇ ಹೇಳಿದವರಿದ್ದಾರೆ. ಹತ್ತು ವರ್ಷದ ಮಗುವಿಗೂ ಕೊಡಬಹುದಾದ ಔಷಧಿ ಇರುವ ಕಾಯಿಲೆಯನ್ನು ಮದುವೆಗೋಸ್ಕರ ಮುಚ್ಚಿಡುವುದು ಎಂಥ ಲೆಕ್ಕ ಸ್ವಾಮಿ? ಮುಚ್ಚಿಟ್ಟು ಸಂಬಂಧದಲ್ಲೇ ಮದುವೆ ಮಾಡಿದರೆ ಇನ್ನೂ ಕಷ್ಟ. ಗಂಡ ಹೆಂಡತಿ ಇಬ್ಬರಿಂದಲೂ ಬಂದ ಮಗುವಿನ ಎಲ್‌ಡಿಎಲ್ 400 ದಾಟಿರಬಹುದು, ಅಂಥವರಿಗೆ ಶಾಲೆಗೆ ಹೋಗುವ ಪ್ರಾಯದಲ್ಲೇ ಹಾರ್ಟ್ ಅಟ್ಯಾಕ್ ಆಗುವುದುಂಟು.

ಇದಕ್ಕಿಂತ ಅಪರೂಪದ ಹುಟ್ಟುಕಾಯಿಲೆಗಳೂ ಇವೆ. ಸಿಟಿಎಕ್ಸ್ ಅಂತ ಒಂದು: ಮಗುವಿಗೆ ನಿಲ್ಲದ ಭೇದಿ, ಸಣ್ಣ ಪ್ರಾಯದಲ್ಲೇ ಕಣ್ಣಿಗೆ ಪೊರೆ, ಆಮೇಲೆ ಹಿಮ್ಮಡಿ ದಪ್ಪ, ನಡಿಗೆ ತೂರಾಟ. ಕೊಲೆಸ್ಟ್ರಾಲ್ ನಾರ್ಮಲ್ ಇರಬಹುದು, ಹಾಗಾಗಿ ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ. ಬೇಗ ಸಿಕ್ಕರೆ ಔಷಧಿ ಇದೆ. ಇನ್ನೊಂದರಲ್ಲಿ ಟ್ರೈಗ್ಲಿಸರೈಡ್ ಅನ್ನುವ ರಕ್ತದ ಇನ್ನೊಂದು ಬಗೆಯ ಕೊಬ್ಬು ಸಾವಿರ ದಾಟಿ, ತೆಗೆದ ರಕ್ತ ಹಾಲು ಬೆರೆತಂತೆ ಕಾಣುತ್ತದೆ, ಮೇದೋಜೀರಕ ಗ್ರಂಥಿ ಊದಿ ತಡೆಯಲಾಗದ ಹೊಟ್ಟೆನೋವು. ಗ್ಯಾಸ್ಟ್ರಿಕ್ ಮಾತ್ರೆ ಅದಕ್ಕಲ್ಲ. ಸ್ಟಾಟಿನ್ ಕೂಡ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ದಿನಕ್ಕೆ 15–20 ಗ್ರಾಂ ಜಿಡ್ಡು ಮಾತ್ರ. ಕಾಯಿ ಅರೆಯದೆ ಗಸಿ ಮಾಡಲು ಗೊತ್ತಿಲ್ಲದ ನಮ್ಮೂರಲ್ಲಿ ಅದು ಹೇಗೆ ಸಾಧ್ಯವೋ!

ತಾಲೂಕು ಆಸ್ಪತ್ರೆಗಳಲ್ಲಿ ಹಾರ್ಟ್ ಅಟ್ಯಾಕ್ ಆದವರಿಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತ ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಒಳ್ಳೆಯದೇ, ಆದರೆ ಅದು ಆದ ಮೇಲಿನ ಮಾತು. ಯುವಕ ಮಂಡಲದವರು ಭಾನುವಾರದ ಶಿಬಿರದಲ್ಲಿ ಶುಗರ್, ಬಿಪಿ ಜೊತೆ ಒಂದು ಪ್ರಶ್ನೆಯನ್ನೂ ಕೇಳಲಿ: ಮನೆಯಲ್ಲಿ ಗಂಡಸರಿಗೆ 55ಕ್ಕೆ ಮೊದಲು, ಹೆಂಗಸರಿಗೆ 60ಕ್ಕೆ ಮೊದಲು ಹಾರ್ಟ್ ಅಟ್ಯಾಕ್ ಆಗಿದೆಯಾ? ಹೌದು ಅಂದವರಿಗೆ ರಕ್ತದ ಕೊಲೆಸ್ಟ್ರಾಲ್, ಕೊಬ್ಬು ನೋಡುವ ಲಿಪಿಡ್ ಪ್ರೊಫೈಲ್ ಮಾಡಿಸಿ, ಕೆಲವು ನೂರು ರೂಪಾಯಿಯ ಪರೀಕ್ಷೆ. ತಾವೂ ಅಂಥ ಸಾವಿನ ಸುದ್ದಿ ಹಾಕುವಾಗ ಮನೆಯವರು ಪರೀಕ್ಷೆ ಮಾಡಿಸಿಕೊಳ್ಳಲಿ ಅಂತ ಒಂದು ಸಾಲು ಸೇರಿಸಿದರೆ ಉಪಕಾರವಾಗುತ್ತದೆ.

ಒಬ್ಬ ಓದುಗ, ಕಾಪು, ಉಡುಪಿ ಜಿಲ್ಲೆ