ತಾಳಗುಪ್ಪ ದಾರಿಯ ಕಥೆಯನ್ನು ನಿಲ್ದಾಣದಲ್ಲೇ ಬರೆಸಿ

ನೈಋತ್ಯ ರೈಲ್ವೆಯ ಮೈಸೂರು ವಿಭಾಗದ ವ್ಯವಸ್ಥಾಪಕರಿಗೆ,

ಮಾನ್ಯರೇ, ನಮಸ್ಕಾರ.

ಶಿವಮೊಗ್ಗ-ತಾಳಗುಪ್ಪ ರೈಲು ದಾರಿಯ ಅರಸಾಳಿನ ಹಳೇ ನಿಲ್ದಾಣವನ್ನು ಉಳಿಸಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಕ್ಕೆ ಮೊದಲು ಧನ್ಯವಾದ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಶೂಟಿಂಗ್ ಮಾಡಿದ ಜಾಗ ಅಂತ ಜನ ಹುಡುಕಿಕೊಂಡು ಬರುತ್ತಾರೆ. ಬರಲಿ, ಸಂತೋಷ. ಆದರೆ ಕ್ಯಾಮೆರಾ ಬರುವ ಎಷ್ಟೋ ವರ್ಷ ಮುಂಚೆಯೇ ಅಲ್ಲಿ ರೈಲು ಓಡುತ್ತಿತ್ತು ಅಲ್ವಾ? ಆ ಕಥೆಯನ್ನೂ ಹೇಳಿ ಎಂದು ಕೇಳಲು ಈ ಪತ್ರ.

ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂದದ್ದು 1899ರಲ್ಲಿ, ಮೈಸೂರು ಸಂಸ್ಥಾನದ ಕಾಲ. ತಾಳಗುಪ್ಪ ಮುಟ್ಟುವಾಗ 1940 ಆಗಿತ್ತು. ಅಷ್ಟರಲ್ಲಿ ಈ ಸೀಮೆಯೇ ಬದಲಾಗಿತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಎದ್ದಿತ್ತು. ಅದರ ಅದಿರು ಕೆಮ್ಮಣ್ಣುಗುಂಡಿಯದು, ಕುಲುಮೆಗೆ ಹಾಕಿದ್ದು ಕಾಡಿನ ಮರದ ಇದ್ದಿಲು. ಕುಂಸಿಯ ಹತ್ತಿರ ಮ್ಯಾಂಗನೀಸ್ ಗಣಿ. ಅತ್ತ ಜೋಗದಲ್ಲಿ ವಿದ್ಯುತ್ ಯೋಜನೆಯ ಕೆಲಸ ನಡೆಯುತ್ತಿತ್ತು. ಇದೆಲ್ಲ ಗೊತ್ತಿಲ್ಲದೆ ಕುಂಸಿಯಲ್ಲಿ ರೈಲು ಹತ್ತುವ ಹುಡುಗನಿಗೆ ಅದು ಸುಮ್ನೆ ಒಂದು ಸಣ್ಣ ಸ್ಟೇಷನ್, ಅಷ್ಟೇ.

2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್ ಗೇಜ್, ಅಂದರೆ ಅಗಲ ಹಳಿ, ಆಯಿತು. ಒಳ್ಳೆಯದೇ ಆಯಿತು, ಬೆಂಗಳೂರಿಗೆ ನೇರ ರೈಲು ಸಿಕ್ಕಿತು. ಮೊದಲಿನ ಕಿರಿದಾದ ಮೀಟರ್ ಗೇಜ್ ಹಳಿಯ ಮೇಲೆ ಓಡುತ್ತಿದ್ದ, ಬಸ್ಸಿನಂಥ ಪುಟ್ಟ ರೈಲ್‌ಬಸ್ ಮಾತ್ರ ನೆನಪಿಗೆ ಸೇರಿತು.

ನಮ್ಮ ಒಂಟಿ ಹಳಿಯ ದಾರಿಗಳಲ್ಲಿ ಬಳಸುತ್ತಿದ್ದ ಟೋಕನ್ ಯಂತ್ರವನ್ನೇ ನೋಡಿ. ಮುಂದಿನ ಸ್ಟೇಷನ್ ಮಾಸ್ಟರ್ ಅಲ್ಲಿಂದ ಒಪ್ಪಿಗೆ ಕೊಟ್ಟರಷ್ಟೇ ಇಲ್ಲಿನ ಯಂತ್ರದಿಂದ ಲೋಹದ ಗುಂಡೊಂದು ಹೊರಬರುತ್ತಿತ್ತು. ಅದನ್ನು ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿಟ್ಟು ಚಾಲಕನಿಗೆ ಕೊಡುತ್ತಿದ್ದರು. ಗುಂಡು ಕೈಗೆ ಸಿಗದೆ ಗಾಡಿ ಕದಲುವಂತಿರಲಿಲ್ಲ. ಎದುರಿನಿಂದ ಇನ್ನೊಂದು ಗಾಡಿ ಬಂದು ಡಿಕ್ಕಿಯಾಗದಂತೆ ಕಾಯುತ್ತಿದ್ದದ್ದು ಆ ಗುಂಡು. ಸಾಗರ ಜಂಬಗಾರು ನಿಲ್ದಾಣದಲ್ಲಿ ಅಂಥದ್ದೊಂದು ಯಂತ್ರ ಇಡಿಸಿ. ಗಾಜಿನ ಪೆಟ್ಟಿಗೆಯೊಳಗೆ ಬೇಡ, ಮಕ್ಕಳು ಮುಟ್ಟಿ ತಿರುಗಿಸಿ ನೋಡುವಂತಿರಲಿ.

ಕುಂಸಿ, ಆನಂದಪುರ, ಸಾಗರ, ತಾಳಗುಪ್ಪ, ಎಲ್ಲ ಕಡೆಯೂ ಕನ್ನಡದಲ್ಲಿ ಒಂದೊಂದು ಫಲಕ ಬೇಕು. ಹಳಿ ಯಾವಾಗ ಬಂತು, ಇಲ್ಲಿಂದ ಏನು ಸಾಗುತ್ತಿತ್ತು, ಇಷ್ಟು ಸಾಕು. ಖರ್ಚು ಜಾಸ್ತಿ ಆಗುವುದಿಲ್ಲ.

ತುರ್ತಾಗಿ ಆಗಬೇಕಾದ್ದು ಇನ್ನೊಂದಿದೆ. ಮೀಟರ್ ಗೇಜಿನ ಕಾಲದಲ್ಲಿ ದುಡಿದ, ಹಳಿ ನೋಡಿಕೊಳ್ಳುತ್ತಿದ್ದ ಗ್ಯಾಂಗ್‌ಮನ್, ಗಾಡಿಗೆ ಹಳಿ ಬದಲಿಸಿಕೊಡುತ್ತಿದ್ದ ಪಾಯಿಂಟ್ಸ್‌ಮನ್‌ಗಳಿಗೆ ಈಗ ವಯಸ್ಸಾಗಿದೆ. ಮಲೆನಾಡಿನ ಮಳೆಯಲ್ಲಿ ಹಳಿ ಕಾಯುವುದು ಎಂದರೇನು ಅಂತ ಅವರಷ್ಟು ಚೆನ್ನಾಗಿ ಯಾವ ಕಡತವೂ ಹೇಳಲಾರದು. ಯಾರನ್ನಾದರೂ ಅವರ ಮನೆಗೆ ಕಳಿಸಿ, ಅವರ ಮಾತು ರೆಕಾರ್ಡ್ ಮಾಡಿಸಿ. ಫಲಕಕ್ಕೆ ಏನು ಬರೆಯಬೇಕು ಅನ್ನುವುದೂ ಅಲ್ಲೇ ಸಿಗುತ್ತದೆ.

ಮಳೆಗಾಲದಲ್ಲಿ ಜೋಗ ನೋಡಲು ಬರುವವರು ತಾಳಗುಪ್ಪದಲ್ಲೇ ಇಳಿಯುತ್ತಾರೆ. ಮೊದಲ ಫಲಕವನ್ನು ಅಲ್ಲಿಯೇ ಹಾಕಿಸಿ.

ಇಂತಿ,
ಈ ದಾರಿಯ ಒಬ್ಬ ಪ್ರಯಾಣಿಕ