ಹಳೇ ಪುಟ್ಟ ಕಾರು: ಮೊದಲು ಬ್ರೇಕ್ ನೋಡಿ

ಸಂಪಾದಕರಿಗೆ ನಮಸ್ಕಾರ,

ಹಳೇ ಕಾರುಗಳನ್ನ ರೆಡಿ ಮಾಡಿಸೋರು ಈಗ ಜಾಸ್ತಿ ಆಗಿದಾರೆ, ತುಂಬಾ ಖುಷಿ. ಆದ್ರೆ ಎಲ್ಲರೂ ಮೊದಲು ಪೇಂಟು, ಆಮೇಲೆ ಇಂಜಿನ್ನು ಅಂತಾರೆ, ಬ್ರೇಕ್ ಮಾತ್ರ ಕೊನೇಗೆ, ಇದು ನಂಗೆ ನಿಜವಾಗ್ಲೂ ಭಯ ಹುಟ್ಸುತ್ತೆ. 1959ರಲ್ಲಿ ಬಂದ ಬ್ರಿಟನ್ನಿನ ಪುಟ್ಟ ಕಾರು ಮಿನಿನೇ ತಗೊಳ್ಳಿ, 10 ಇಂಚಿನ ಚಕ್ರ, ನಾಲ್ಕೂ ಕಡೆ ಡ್ರಮ್ ಬ್ರೇಕು, ಸ್ಪ್ರಿಂಗ್ ಬದಲು ರಬ್ಬರ್ ಕೋನು. ಎಲ್ಲಾ ಮಿನಿಗೂ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಬಂದಿದ್ದು 1984ರಲ್ಲಿ.

ನನ್ನ ಕಾರಿನ ಹಿಂದಿನ ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರಿನ (ಬ್ರೇಕ್ ಶೂನ ಡ್ರಮ್ಮಿಗೆ ಒತ್ತೋ ಭಾಗ) ರಬ್ಬರ್ ಕವರ್ ಎತ್ತಿ ನೋಡಿದ್ರೆ ಒಳಗೆ ಒದ್ದೆ, ಬ್ರೇಕ್ ಶೂ ಪೂರ್ತಿ ಆಯಿಲಲ್ಲಿ ನೆಂದು ಕಪ್ಪಾಗಿತ್ತು, ಪೆಡಲ್ ಮಾತ್ರ ಅದುವರೆಗೂ ಚೆನ್ನಾಗೇ ಇದೆ ಅನ್ನಿಸ್ತಿತ್ತು ನೋಡಿ!

ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಿದ್ರೆ ಸಾಲದು, ಅದಕ್ಕೆ ಹೊಂದೋ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಭಾಗ) ಬೇಕು, ಹಿಂದಿನ ಚಕ್ರದ ಬ್ರೇಕ್ ಪ್ರೆಶರ್ ಮಿತಿಲಿಡೋ ವಾಲ್ವ್ ಸರಿಯಾಗಿರ್ಬೇಕು, ಯಾಕಂದ್ರೆ ಬ್ರೇಕ್ ಒತ್ತಿದಾಗ ತೂಕವೆಲ್ಲ ಮುಂದಕ್ಕೆ ಬೀಳುತ್ತೆ, ಹಗುರಾದ ಹಿಂದಿನ ಚಕ್ರ ಲಾಕ್ ಆದ್ರೆ ಗಾಡಿ ಗಿರ್ರಂತ ತಿರುಗಿಬಿಡುತ್ತೆ. ಬ್ರೇಕ್ ಆಯಿಲ್ ಹೋಗೋ ರಬ್ಬರ್ ಹೋಸ್‌ಗಳನ್ನೂ ಬದಲಾಯಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ಕೊಳ್ಳುತ್ತೆ, ಎರಡು ವರ್ಷಕ್ಕೊಮ್ಮೆ ಹೊಸದು ಹಾಕ್ಸಿ.

ಸಸ್ಪೆನ್ಷನ್ ವಿಷ್ಯದಲ್ಲಿ ಕಾರನ್ನ ನೆಲಕ್ಕೆ ತಾಗೋ ಹಾಗೆ ಇಳಿಸೋದು ದಯವಿಟ್ಟು ಬೇಡ, ಹಳ್ಳ ಸಿಕ್ಕಿದ್ರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತೆ. ಕುಗ್ಗಿದ ಕೋನು, ಸವೆದ ಬುಶ್ಶು (ಕೀಲುಗಳ ಮಧ್ಯದ ರಬ್ಬರ್ ತುಂಡು), ಶಾಕ್ ಅಬ್ಸಾರ್ಬರ್ ಹೊಸದು ಹಾಕಿ ವೀಲ್ ಅಲೈನ್‌ಮೆಂಟ್ ಮಾಡಿಸಿದ್ರೇ ಕಾರು ಎಷ್ಟೋ ಗಟ್ಟಿಯಾಗಿ ನಿಲ್ಲುತ್ತೆ.

ಇಂತಿ,
ಹಳೇ ಕಾರಿನ ಒಬ್ಬ ಅಭಿಮಾನಿ